ಸುಶೀಲಾಬಾಯಿಯ ಗುಳಿಗೆ, ನನ್ನ ಶೇಂಗಾ ಹಿಂಡಿ

ನನ್ನ ಮೊಮ್ಮಕ್ಕಳೇ, ಸಂಗೀತಾ, ಮಲ್ಲು! ನಮ್ಮೂರಿಗೆ ಬರುತ್ತಿದ್ದ ನರ್ಸ್ ಸುಶೀಲಾಬಾಯಿ ಬದನೆಕಾಯಿ, ಸೌತೆಕಾಯಿ ಎನ್ನುವಷ್ಟೇ ಸಲೀಸಾಗಿ ಗರ್ಭಚೀಲ, ಯೋನಿ, ಮುಟ್ಟು ಎನ್ನುತ್ತಿದ್ದರು. ಆ ಮಾತುಗಳನ್ನು ನಾನು ಬರೆಯುತ್ತಿರುವುದು ಇದೇ ಮೊದಲು. ಕೈ ತಡೆಯುತ್ತದೆ, ನಗುವೂ ಬರುತ್ತದೆ. ನೀವೀಗ ದೊಡ್ಡವರಾದಿರಿ, ಓದಬಹುದು.

ತೊಂಬತ್ತರ ದಶಕದ ಸಂಗತಿ. ತಂಗಡಗಿ ಹತ್ತಿರದ ನಮ್ಮ ಊರಲ್ಲಿ ಮಧ್ಯಾಹ್ನವಾದರೆ ಹೆಂಗಸರೆಲ್ಲ ನಮ್ಮ ಪಡಸಾಲೆಯಲ್ಲಿ ಹಳೆಯ ಸೀರೆಗಳ ಕೌದಿ ಹೊಲಿಯುತ್ತಿದ್ದೆವು. ಕೌದಿ ಹಾಸಿದಲ್ಲಿ ಗಂಡಸರು ಸುಳಿಯುತ್ತಿರಲಿಲ್ಲ. ಸುಶೀಲಾಬಾಯಿ ಸಭೆ ಕರೆದರೆ ಯಾರೂ ಹೋಗುತ್ತಿರಲಿಲ್ಲ. ಅದಕ್ಕೆ ಅವರೇ ಒಂದು ಸೂಜಿ ತಂದು ನಮ್ಮ ನಡುವೆ ಕೂತುಬಿಟ್ಟರು. ಒಂದು ದಿನ ಕೆಂಪು ಬಟ್ಟೆ ಕತ್ತರಿಸಿ ಕೌದಿಯ ನಡುವೆ ಇಟ್ಟರು.

"ಎತ್ತಿನ ಮಾರಿ ಚಂದ ಬಂದೈತಿ" ಎಂದರು ನನ್ನ ಅತ್ತೆ.

"ಎತ್ತಲ್ಲಬೇ ಯವ್ವಾ. ನಿನ್ನ ಮಗಾ ಒಂಬತ್ತ ತಿಂಗಳ ಇದ್ದ ಮನಿ ಇದು. ಗರ್ಭಚೀಲ."

"ಕೋಡು ಅದಾವಲ್ಲ?"

"ಕೋಡಲ್ಲ, ತತ್ತಿ ಬರೂ ಹಾದಿ."

"ಅಂವ ಒದಿಯೂದ ನೋಡಿ ಕೋಡ ಇರಬೇಕಂತ ನಾ ಆವತ್ತ ಅಂದಿದ್ನಿ" ಎಂದರು ಅತ್ತೆ. ನಕ್ಕು ನಕ್ಕು ಒಬ್ಬಳ ಸೂಜಿ ಕೌದಿಯೊಳಗೇ ಕಳೆದುಹೋಯಿತು.

ಆ ದಿನ ಅವರು ಬಿಳಿ ಹೋಗುವುದು, ಉರಿ, ತುರಿಕೆಯ ಬಗ್ಗೆಯೂ ಹೇಳಿದರು. ಎಲ್ಲರೂ ಹೋದ ಮೇಲೆ ನನ್ನ ಪಕ್ಕ ಸರಿದು, "ನಾ ತುರಿಕಿ ಅಂದಾಗ ನಿನ್ನ ಸೂಜಿ ನಿಂತಿತ್ತು. ಎಷ್ಟ ದಿನದಿಂದ ಐತಿ ತಂಗಿ?" ಎಂದು ಕೇಳಿದರು.

ಒಂದು ವರ್ಷದಿಂದ ಇತ್ತು. ಯಾರಿಗೂ ಹೇಳಿರಲಿಲ್ಲ. ಏನೇನೋ ನೆಪ ಹೇಳಿ ಅತ್ತೆಯ ಮಗ್ಗುಲಲ್ಲಿ ಮಲಗುತ್ತಿದ್ದೆ. ನಿಮ್ಮ ಅಜ್ಜ ನನ್ನೊಡನೆ ಮಾತು ಕಡಿಮೆ ಮಾಡಿದ್ದರು. ಹೀಗೇ ನಡೆದರೆ ನನ್ನ ಸಂಸಾರ ಮುಗಿಯಿತೆಂದು ಅಂಜಿದ್ದೆ.

ಸುಶೀಲಾಬಾಯಿ ನನ್ನನ್ನು ಮುದ್ದೇಬಿಹಾಳಕ್ಕೆ ಕರೆದೊಯ್ದು ಡಾಕ್ಟರಬಾಯಿಗೆ ತೋರಿಸಿದರು. ಅಲ್ಲಿ ನನಗೂ ನಿಮ್ಮ ಅಜ್ಜನಿಗೂ ಗುಳಿಗೆ ಕೊಟ್ಟರು. "ಯಾರಿಂದ ಬಂತು ಅನ್ನೂ ಪಂಚಾಯ್ತಿ ಹೂಡಬ್ಯಾಡ. ಇಬ್ಬರೂ ನುಂಗ್ರಿ. ಒಬ್ಬರ ತಗೊಂಡ್ರ ಮತ್ತ ಬರ್ತೈತಿ" ಎಂದು ಸುಶೀಲಾಬಾಯಿ ದಾರಿಯುದ್ದಕ್ಕೂ ಹೇಳಿದರು.

ನನ್ನ ಪಾಲಿನ ಗುಳಿಗೆ ನಾನು ನುಂಗಿದೆ. ಅಜ್ಜನಿಗೆ ಹೇಳುವುದು ಹೇಗೆ? ಅವರ ಗುಳಿಗೆಗಳನ್ನು ಕುಟ್ಟಿ ಶೇಂಗಾ ಹಿಂಡಿಯಲ್ಲಿ ಬೆರೆಸಿ, ಆ ಚಟ್ನಿಪುಡಿಯನ್ನು ರೊಟ್ಟಿಯ ಜೊತೆ ಬಡಿಸಿದೆ. ಒಂದು ತುತ್ತಿಗೇ ಅವರು ಮುಖ ಕಿವುಚಿದರು. ಅತ್ತೆ ನಾಲಿಗೆಗೆ ಇಟ್ಟು ನೋಡಿ, "ಶೇಂಗಾ ಮುಗ್ಗಿದಾವು" ಎಂದು ಎಲ್ಲವನ್ನೂ ತಿಪ್ಪೆಗೆ ಹಾಕಿದರು.

ಇದನ್ನು ಕೇಳಿ ಸುಶೀಲಾಬಾಯಿ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಆಮೇಲೆ ಗದರಿದರು. "ಔಷಧ ಕದ್ದ ತಿನಿಸೂದಲ್ಲ ಹುಚ್ಚಿ. ಅಂವಗೂ ತನ್ನ ಮೈಯಾಗಿಂದು ಗೊತ್ತಿರಬೇಕು." ಬೇರೆ ಗುಳಿಗೆ ಕೊಡಿಸಿದರು. ನಮ್ಮ ಹಿತ್ತಲಲ್ಲಿ ಟವೆಲನ್ನು ತಲೆಗೆ ರುಮಾಲಿನಂತೆ ಸುತ್ತಿಕೊಂಡು, ಇಲ್ಲದ ಮೀಸೆ ತಿರುವಿ, "ಏನ ನಿಂದು, ಲಗೂ ಹೇಳು, ಹೊಲಕ್ಕ ಹೊತ್ತಾತು" ಎಂದು ನನ್ನ ಮುಂದೆ ಗಂಡನಾಗಿ ಕೂತರು. ಮೂರು ಸಲ ಹೇಳಿಸಿದರು. ಮೂರನೆಯ ಸಲ ನಾನು ತಲೆ ಎತ್ತಿ ಹೇಳಿದೆ.

ಸಂಜೆ ಅಜ್ಜ ಕಾಲು ತೊಳೆಯುವಾಗ ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟೆ. ಅವರು ತಂಬಿಗೆ ಕೆಳಗಿಟ್ಟರು.

"ಇಷ್ಟ ದಿನ ನಿನಗ ನಾ ಸೇರೂದಿಲ್ಲ ಅನ್ಕೊಂಡಿದ್ನಿ" ಎಂದರು. ಕೈ ಒರೆಸಿಕೊಂಡು ಮುಂದೆ ಚಾಚಿ, "ಎಲ್ಲಿ, ಗುಳಗಿ ತಾ. ಹಿಂಡಿ ಬ್ಯಾಡ, ನೀರ ಸಾಕು" ಎಂದರು.

ಹದಿನೈದು ದಿನದಲ್ಲಿ ಆರಾಮಾಯಿತು. ಅತ್ತೆ ಮತ್ತೆ ಒಬ್ಬರೇ ಮಲಗುವಂತಾಯಿತು.

ಮುಂದೆ ಸುಶೀಲಾಬಾಯಿಗೆ ಇಂಡಿ ಕಡೆ ವರ್ಗವಾಯಿತು. ನಿಡಗುಂದಿಯಲ್ಲಿ ಬಸ್ ಹತ್ತಿಸಲು ಹೋಗಿದ್ದೆ. ಕಿಟಕಿಯಿಂದ ಬಗ್ಗಿ, "ನಾಳಿಂದ ನಿಮ್ಮೂರ ಹುಡಿಗ್ಯಾರಿಗೆ ಇದನ್ನೆಲ್ಲಾ ಯಾರ ಹೇಳವ್ರು?" ಎಂದರು.

"ನಾ ಹೇಳ್ತೇನ್ರಿ" ಎಂದೆ. ಬಸ್ಸು ಹೊರಟಿತ್ತು, ಅವರಿಗೆ ಕೇಳಿಸಿತೋ ಇಲ್ಲವೋ. ಮತ್ತೆ ನಾವು ಭೇಟಿಯಾಗಲಿಲ್ಲ. ಹೇಳುವುದನ್ನಂತೂ ನಾನು ಬಿಡಲಿಲ್ಲ. ಮೊದಮೊದಲು ಗೋಡೆ ನೋಡುತ್ತ, ಆಮೇಲೆ ಆ ಹುಡುಗಿಯರ ಮುಖ ನೋಡುತ್ತ ಹೇಳಿದೆ.

ಮಕ್ಕಳೇ, ಈ ಹಾಳೆಗಳನ್ನು ಒದ್ದೆಯಾಗದಂತೆ, ಹರಿಯದಂತೆ ಕಾಪಾಡಿರಿ. ಆದರೆ ಪೆಟ್ಟಿಗೆಯ ತಳಕ್ಕೆ ಹಾಕಬೇಡಿರಿ. ನಾಳೆ ಸೊಸೆಯಾಗಿ, ಮಗಳಾಗಿ ನಿಮ್ಮ ಮನೆಗೆ ಬರುವವರಿಗೂ ಕೈಗೆ ಸಿಗುವ ಕಡೆ ಇಡಿರಿ.