ಒದ್ದೆಯಾಗಬಾರದ ತೆಪ್ಪ

ಹೊನ್ನಾಳಿಯ ನಮ್ಮ ಹೊಳೆದಂಡೆ ಓಣಿಯಲ್ಲಿ ಹಾಲೇಶಪ್ಪನಷ್ಟು ಜಂಬದ ಮೂರ್ಖ ಇನ್ನೊಬ್ಬನಿಲ್ಲ. ದೊಡ್ಡ ಬುಟ್ಟಿಯಂಥ ಬಿದಿರಿನ ಹೊಸ ತೆಪ್ಪ ಹೆಣೆಸಿದ, ತಳಕ್ಕೆ ಡಾಂಬರು ಬಳಿಸಿದ. ಹೊಳೆಗೆ ಮಾತ್ರ ಇಳಿಸಲಿಲ್ಲ. ನೀರಿಗೆ ಬಿದಿರು ಕೊಳೆಯುತ್ತದಂತೆ, ಬಿಸಿಲಿಗೆ ಡಾಂಬರು ಕರಗುತ್ತದಂತೆ. ಕೊಟ್ಟಿಗೆಯ ಎಮ್ಮೆಯನ್ನು ಬಯಲಿಗೆ ಕಟ್ಟಿ, ಆ ಜಾಗದಲ್ಲಿ ತೆಪ್ಪ ಇಟ್ಟ. ಆಯುಧಪೂಜೆಗೆ ಅದರ ಮುಂದೆ ಕುಂಬಳಕಾಯಿ ಒಡೆದ. ಸಂಜೆ ಬಿಸಿಲು ಓರೆಯಾಗಿ ಒಳಗೆ ಬೀಳುತ್ತದೆಂದು ಕೊಟ್ಟಿಗೆಯ ಮುಂಭಾಗಕ್ಕೂ ಇಟ್ಟಿಗೆ ಗೋಡೆ ಎಬ್ಬಿಸಿ, ಒಬ್ಬ ಮನುಷ್ಯ ನುಗ್ಗುವಷ್ಟೇ ಬಾಗಿಲು ಬಿಟ್ಟ.

“ಇನ್ನು ಹೊರಗೆ ಹೆಂಗೆ ತರ್ತೀಯ ಹಾಲೇಶಣ್ಣ?” ಎಂದು ಮೀನು ಹಿಡಿಯುವ ಮಂಜೂರ್ ಕೇಳಿದ.

“ಹೊರಗೆ ಯಾಕೆ ತರಬೇಕೋ? ನಿನ್ನದರಂಗೆ ಹಾಳು ಮಾಡಾಕಾ?”

ಮಂಜೂರನ ತೆಪ್ಪ ಕೆಲಸವಿಲ್ಲದಾಗ ದಂಡೆಯಲ್ಲೇ ಕವುಚಿ ಬಿದ್ದಿರುತ್ತಿತ್ತು. ಅದರ ಮೈತುಂಬ ಹಳೆಯ ಫ್ಲೆಕ್ಸಿನ ತೇಪೆ.

ಈ ಮಳೆಗಾಲದಲ್ಲಿ ಹೊಳೆ ಓಣಿಗೇ ಬಂತು. ನಾವೆಲ್ಲ ದಿಬ್ಬದ ಶಾಲೆಗೆ ಹೋದೆವು. ಹಾಲೇಶಪ್ಪ ತೆಪ್ಪ ಬಿಟ್ಟು ಬರಲಿಲ್ಲ. ನಾನೂ ಮಂಜೂರನೂ ಅವನ ತೇಪೆಯ ತೆಪ್ಪದಲ್ಲಿ ಹುಡುಕಿಕೊಂಡು ಹೋದಾಗ ಕೊಟ್ಟಿಗೆಯಿಂದ ಕೂಗು ಕೇಳಿತು. ಬಾಗಿಲು ಮುಳುಗಿತ್ತು. ಹೆಂಚು ಕಿತ್ತು ಬಗ್ಗಿ ನೋಡಿದರೆ, ನಾಲ್ಕು ಗೋಡೆಗಳ ನಡುವೆ ಹೊಸ ತೆಪ್ಪ ಗಿರಗಿರ ತಿರುಗುತ್ತಿದೆ, ಮಹಾಶಯ ಅದರಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಾನೆ.

ರಟ್ಟೆ ಹಿಡಿದು ಮಾಡಿನಿಂದ ಎಳೆದು ಮಂಜೂರನ ತೆಪ್ಪಕ್ಕೆ ಇಳಿಸಿದೆವು. ಕೂತವನೇ ಅಂಡು ತಡವಿಕೊಂಡು ಮುಖ ಸಿಂಡರಿಸಿದ.

“ಥೂ! ಏನೋ ಮಂಜೂರ, ನಿನ್ನ ತೆಪ್ಪ ಒದ್ದೆ ಐತಲ್ಲೋ!”