ಜಾಗೀರದಾರರ ಮೋಟಾರಿನ ಏಳು ತೂತು

ನಿಜಾಮರ ಕಾಲದಲ್ಲಿ ಲಿಂಗಸುಗೂರಿನಲ್ಲಿ ನನ್ನದೊಂದು ತಗಡಿನ ಅಂಗಡಿಯಿತ್ತು. ಕೊಡ, ಕಂದೀಲು ಬೆಸೆಯುತ್ತ ಕೂತಿದ್ದ ನನ್ನ ಮುಂದೆ ಜಾಗೀರದಾರರು ಒಂದು ದಿನ ಹಳೆಯ ಮೋಟಾರು ತಂದು ನಿಲ್ಲಿಸಿದರು. ಎಂಜಿನ್ ಗಟ್ಟಿಯಿತ್ತು. ಮೈಯೆಲ್ಲ ತುಕ್ಕು, ಬಾಗಿಲು ಮುಟ್ಟಿದರೆ ಹಪ್ಪಳದ ಹಾಗೆ ಪುಡಿಯಾಗುತ್ತಿತ್ತು. ಅವರದು ಗೋಷಾ ಮನೆತನ, ಹೆಂಗಸರು ಹೊರಗಿನವರ ಕಣ್ಣಿಗೆ ಬೀಳುವಂತಿರಲಿಲ್ಲ. ಸಿಂಧನೂರಿನಲ್ಲಿ ಮದುವೆಯಿದೆ, ಹೆಂಡತಿ ಕೂರುವ ಹಿಂಭಾಗಕ್ಕೆ ಸುತ್ತ ತಗಡು ಹೊಡೆದು ಮುಚ್ಚಿಬಿಡು ಎಂದರು.

ಊರಲ್ಲಿ ಮೋಟಾರಿಗೆ ಕೈ ಹಾಕಿದವನು ನಾನೊಬ್ಬನೇ ಎಂದು ನನ್ನ ಕಾಲು ನೆಲದ ಮೇಲಿರಲಿಲ್ಲ. ಮರಳಲ್ಲಿ ತಿಕ್ಕಿ ತುಕ್ಕು ಕಳೆದೆ, ಕೊಳೆತದ್ದನ್ನು ಕತ್ತರಿಸಿ ಒಗೆದೆ, ಹೊಸ ತಗಡು ಬಡಿದು ಹಸಿರು ಬಣ್ಣ ಬಳಿದೆ. ನೋಡಲು ಬಂದವರಿಗೆಲ್ಲ ಬೇಡವೆಂದರೂ ವಿವರಿಸುತ್ತಿದ್ದೆ.

ಒಂದು ಮಧ್ಯಾಹ್ನ ಅವರ ಮನೆಯ ಕೆಲಸದಾಕೆ ಬಂದಳು.

"ಬಾಯಿಸಾಹೇಬರು ಹೇಳಿ ಕಳಿಸ್ಯಾರ. ಎಡಕ್ಕ, ಕಣ್ಣಿನ ಮಟ್ಟಕ್ಕ ಒಂದೀಟು ತೂತು ಬಿಡ್ರಿ. ಮಸ್ಕ್ಯಾಗ ಬೇವಿನ ಗಿಡದ ಬಾಜೂಕ ಅವರ ತವರಮನಿ ರಸ್ತಿ ಮ್ಯಾಲೇ ಅದ, ಅವ್ವ ದಿನಾ ಕಟ್ಟಿ ಮ್ಯಾಲೇ ಕುಂತಿರ್ತಾರ. ಅವ್ವನ್ನ ನೋಡಿ ಎಂಟು ವರ್ಷ ಆತು. ಸಾಹೇಬರು ಅಲ್ಲಿ ಗಾಡಿ ನಿಲ್ಸೂದಿಲ್ಲ. ಅವರಿಗಿದು ಗೊತ್ತಾಗಬಾರ್ದು ನೋಡ್ರಿ."

ಜಾಗೀರದಾರರಿಗೂ ಹೆಂಡತಿಯ ಅಣ್ಣಂದಿರಿಗೂ ಹೊಲದ ಜಗಳ ಹತ್ತಿದ್ದು ಎಲ್ಲರಿಗೂ ಗೊತ್ತಿತ್ತು. ಕಡಲೆಕಾಳಿನಷ್ಟು ಏಳು ತೂತು ಕೊರೆದು ಅಂಚು ನುಣ್ಣಗೆ ಉಜ್ಜಿದೆ. ಅಷ್ಟು ಚೊಕ್ಕ ಮಾಡುವುದು ಬೇಕಿರಲಿಲ್ಲ.

ಹೊರಡುವ ದಿನ ಬಾಯಿಸಾಹೇಬರು ಆಗಲೇ ಒಳಗೆ ಕೂತಿದ್ದರು. ಗಾಡಿಯ ಸುತ್ತ ಒಂದು ಸುತ್ತು ಬಂದ ಜಾಗೀರದಾರರು ತೂತಿನ ಹತ್ತಿರ ನಿಂತರು.

"ಏನಪಾ, ತುಕ್ಕು ತಿಂದದ್ದು ಹಂಗೇ ಬಿಟ್ಟೀಯಲ್ಲ, ಕಣ್ಣು ಮಂಜಾಗ್ಯಾವೇನು? ಹೋಗ್ಲಿ, ತಿರುಗಿ ಬಂದ ಮ್ಯಾಲ ಮುಚ್ಚು."

ನೆರೆದ ನಾಲ್ಕು ಜನ ನಕ್ಕರು. ಅವರು ಗಾಡಿ ಹತ್ತಲು ಹೊರಟೇಬಿಟ್ಟಿದ್ದರು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆ ಜನರ ನಗು ನನಗೆ ಸಹಿಸಲಾಗಲಿಲ್ಲ.

"ನನ್ನ ಕೆಲಸದಾಗ ಹಂಥಾ ತೂತು ಉಳಿಯೂದಿಲ್ರಿ. ಬಾಯಿಸಾಹೇಬರು ಹೇಳಿ ಬಿಡಿಸ್ಯಾರ."

ಅಂದ ಮೇಲೆ ನಾಲಗೆ ಕಚ್ಚಿಕೊಂಡೆ. ಜಾಗೀರದಾರರ ಮುಖ ಗಂಟಾಯಿತು. "ಈಗೇ ಮುಚ್ಚು" ಎಂದರು, ಅಷ್ಟೇ.

ಒಲೆ ಹೊತ್ತಿಸಿ ಬೆಸುಗೆಯ ಕಬ್ಬಿಣ ಕಾಯಿಸಿದೆ. "ಹಿಂದಕ್ಕ ಸರೀರಿ, ಬಿಸಿ ಸಿಡೀತದ" ಎಂದೆ. ಒಳಗೆ ಸೀರೆ ಸರಿದ ಸದ್ದಾಯಿತು. ಒಂದೊಂದಾಗಿ ಏಳಕ್ಕೂ ಬೆಸುಗೆ ಹಾಕಿದೆ. ಒಂದು ಸೂಜಿಮೊನೆಯಷ್ಟು ಸಂದೂ ಉಳಿಯಲಿಲ್ಲ. ನನ್ನ ಕಸುಬಿನ ಮೇಲೆ ನನಗೆ ಹೇಸಿಗೆಯಾದದ್ದು ಅದೊಂದೇ ಸಲ.

ತಗಡು ಸಡಿಲಾದರೆ ಇರಲಿ ಎಂದು ನನ್ನನ್ನೂ ಎಡಗಡೆಯ ಮೆಟ್ಟಿಲಿನ ಮೇಲೆ ನಿಲ್ಲಿಸಿಕೊಂಡು ಹೊರಟರು. ಮಸ್ಕಿಯಲ್ಲಿ ಗಾಡಿ ನಿಲ್ಲಲಿಲ್ಲ. ಕೆಲಸದಾಕೆ ಹೇಳಿದ ಬೇವಿನ ಗಿಡದ ಮನೆ ನನಗೆ ಸರಿಯಾಗಿ ಕಂಡಿತು. ಕಟ್ಟೆಯ ಮೇಲೆ ಮುದುಕಿಯೊಬ್ಬಳು ಜೋಳ ಹಸನು ಮಾಡುತ್ತ ಕೂತಿದ್ದಳು. ಮೋಟಾರಿನ ಸದ್ದಿಗೆ ತಲೆಯೆತ್ತಿ ಹಸಿರು ತಗಡನ್ನು ನೋಡಿ ಮತ್ತೆ ಮೊರದ ಕಡೆ ಬಗ್ಗಿದಳು.

ಊರು ದಾಟಿ ಬಹಳ ಹೊತ್ತಾದ ಮೇಲೆ ತಗಡಿನ ಒಳಗಿನಿಂದ ದನಿ ಬಂತು.

"ಮಸ್ಕಿ ಬಂತೇನ್ರಿ?"

"ದಾಟಿ ಬಂದೀವ್ರಿ."

"ಕಟ್ಟಿ ಮ್ಯಾಲ ಯಾರರ ಕುಂತಿದ್ರೇನು?"

ಎಂಜಿನ್ನಿನ ಗದ್ದಲದಲ್ಲಿ ಮುಂದೆ ಕೂತ ಜಾಗೀರದಾರರಿಗೆ ಏನೂ ಕೇಳುತ್ತಿರಲಿಲ್ಲ. ಅವರ ಹೆದರಿಕೆಯಿಂದ ಸುಳ್ಳು ಹೇಳಿದೆ ಎನ್ನಲೂ ನನಗೆ ಮುಖವಿಲ್ಲ. ನಿಜ ಹೇಳಿದರೆ ನಾನು ಮುಚ್ಚಿದ್ದು ಏನೆಂದು ಒಪ್ಪಿಕೊಳ್ಳಬೇಕಾಗುತ್ತಿತ್ತು.

"ಯಾರೂ ಇರಲಿಲ್ರಿ" ಎಂದೆ.

ಬಾಯಿಸಾಹೇಬರು ಅಂದರು: "ಹಂಗಾರ ತೂತು ಇದ್ರೂ ಏನೂ ಕಾಣ್ತಿರಲಿಲ್ಲ ಬಿಡ್ರಿ. ನೀವು ಮನಸ್ಸಿಗೆ ಹಚ್ಕೋಬ್ಯಾಡ್ರಿ."