ಸ್ನಾನ ಮಾಡಿಸುವ ಹುಡುಗಿಯೊಬ್ಬಳನ್ನು ಬಿಟ್ಟು

ಬ್ರಿಟನ್ನಿನ ಜನ ಏನು ಯೋಚಿಸುತ್ತಾರೆ ಎಂಬುದನ್ನು ನಾನು ಬಹ್ರೇನಿನಲ್ಲಿ ಕೂತು ಓದುತ್ತೇನೆ. ಅದು ನನ್ನ ನೌಕರಿ. ಅಲ್ಲಿ ಜನಾಭಿಪ್ರಾಯ ಸಮೀಕ್ಷೆ ನಡೆಸುವ ಒಂದು ಕಂಪೆನಿ ತನ್ನ ಕೆಲಸದ ಸ್ವಲ್ಪ ಭಾಗವನ್ನು ಮನಾಮದ ನಮ್ಮ ಸಣ್ಣ ಆಫೀಸಿಗೆ ಕೊಡುತ್ತದೆ. ಹೌದು, ಇಲ್ಲ ಎಂದು ಟಿಕ್ ಮಾಡಿದ ಉತ್ತರಗಳನ್ನು ಕಂಪ್ಯೂಟರೇ ಎಣಿಸುತ್ತದೆ. ‘ಯಾಕೆ ಹಾಗನ್ನಿಸುತ್ತದೆ, ನಿಮ್ಮ ಮಾತಿನಲ್ಲೇ ಬರೆಯಿರಿ’ ಎಂಬಲ್ಲಿ ಜನ ಬರೆದದ್ದನ್ನು ಮಾತ್ರ ನಾವು ಓದಬೇಕು. ಪಟ್ಟಿಯಲ್ಲಿರುವ ಕಾರಣಗಳಲ್ಲಿ ಅದು ಯಾವುದಕ್ಕೆ ಸೇರುತ್ತದೋ ಅದರ ನಂಬರು, ಅಂದರೆ ಕೋಡ್, ಹಾಕಬೇಕು. ಕಸದ ತೆರಿಗೆ, ನಾಯಿಮರಿ, ರೈಲಿನ ಟಿಕೆಟ್ಟು, ರಾಜಮನೆತನ ಎಂದು ಏನೇನೋ ಓದಿದ್ದೇನೆ. ಸಿಟ್ಟು ಬಂದದ್ದು ಒಂದೇ ಸಲ.

ನನ್ನ ಅಕ್ಕ ಇಂಗ್ಲೆಂಡಿನ ಒಂದು ಸಣ್ಣ ಊರಿನಲ್ಲಿ ಮುದುಕರನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಾಳೆ. ಅವರನ್ನು ಎಬ್ಬಿಸಿ ಕೂರಿಸುವುದು, ಮೀಯಿಸುವುದು, ಉಣ್ಣಿಸುವುದು. ಅವಳು ಹೋಗುವ ಹೊತ್ತಿಗೆ ಅಲ್ಲಿನ ಸರಕಾರ ಇಂಥ ಕೆಲಸದವರು ಗಂಡ, ಮಕ್ಕಳನ್ನು ಕರೆಸಿಕೊಳ್ಳಬಾರದೆಂದು ನಿಯಮ ಮಾಡಿಯಾಗಿತ್ತು. ಭಾವ ಮತ್ತು ಅವಳ ಮಗಳು ಊರಲ್ಲಿ, ಶಿರ್ವದಲ್ಲೇ ಉಳಿದರು. ಹೊರಗಿನವರು ಕಡಿಮೆಯಾಗಬೇಕೆಂದು ಜನರೇ ಬಯಸುತ್ತಾರೆ ಎಂದು ಟಿವಿಯಲ್ಲಿ ರಾಜಕಾರಣಿಗಳು ಹೇಳುತ್ತಿದ್ದರು. ಜನ ಬಯಸುತ್ತಾರೆ ಎಂಬುದು ಅವರಿಗೆ ಗೊತ್ತಾಗುವುದು ನಮ್ಮಂಥವರು ಮಾಡಿಕೊಟ್ಟ ಲೆಕ್ಕದಿಂದ.

ಆ ಸಲ ಬಂದ ಸಮೀಕ್ಷೆ ಅದೇ ವಿಷಯದ್ದು. ಹೊರದೇಶದಿಂದ ಬರುವವರ ಸಂಖ್ಯೆ ಹೆಚ್ಚಬೇಕೇ, ತಗ್ಗಬೇಕೇ ಎಂಬುದು ಮೊದಲ ಪ್ರಶ್ನೆ. ಹೆಚ್ಚಿನವರು ತಗ್ಗಬೇಕು ಎಂದಿದ್ದರು. ಮುಂದಿನ ಪ್ರಶ್ನೆಯಲ್ಲಿ ಒಂದೊಂದೇ ಕೆಲಸದ ಹೆಸರು ಹೇಳಿ ಕೇಳಿದ್ದರು. ನರ್ಸ್? ಬರಲಿ. ಡಾಕ್ಟರ್? ಬರಲಿ. ಮುದುಕರನ್ನು ನೋಡಿಕೊಳ್ಳುವವರು? ಅವರೂ ಬರಲಿ. ತಗ್ಗಬೇಕು ಎಂದವರಲ್ಲೇ ಬಹಳ ಜನ ಹೀಗೆ ಟಿಕ್ ಮಾಡಿದ್ದರು.

ಆಮೇಲೆ ಅವರವರ ಮಾತಿನ ಉತ್ತರಗಳು. ಅದರಲ್ಲೊಬ್ಬ ಮುದುಕಿ ಬರೆದಿದ್ದಳು: “ನಮ್ಮ ದೇಶ ತುಂಬಿಹೋಗಿದೆ. ಎಲ್ಲರನ್ನೂ ವಾಪಸು ಕಳಿಸಿ. ನನಗೆ ಸ್ನಾನ ಮಾಡಿಸುವ ಹುಡುಗಿಯೊಬ್ಬಳನ್ನು ಬಿಟ್ಟು. ಅವಳು ಹೊರಗಿನವಳಲ್ಲ.”

ಅದನ್ನು ಮತ್ತೊಮ್ಮೆ ಓದಿದೆ. ಅವಳು ಹೊರಗಿನವಳಲ್ಲವಂತೆ! ಹಾಗಾದರೆ ಕಳಿಸಬೇಕಾದವರು ಯಾರು? ಪಕ್ಕದ ಮನೆಯ ಮುದುಕನಿಗೆ ಸ್ನಾನ ಮಾಡಿಸುವವಳೇ?

ಪಕ್ಕದ ಮೇಜಿನಲ್ಲಿ ಉಳ್ಳಾಲ ಕಡೆಯ ಬ್ಯಾರಿ ಸಹೋದ್ಯೋಗಿ ಇದ್ದರು. ಅವರಿಗೆ ತೋರಿಸಿದೆ.

“ಇದಕ್ಕೆ ಎರಡು ನಂಬರು ಹಾಕ್ಬೇಕಲ್ವಾ? ಜನ ಜಾಸ್ತಿ ಆಯ್ತು ಅಂತ ಒಂದು, ಆರೈಕೆಗೆ ಜನ ಬೇಕು ಅಂತ ಒಂದು.”

“ಈ ಸಲ ಒಂದೇ ಹಾಕ್ಲಿಕ್ಕೆ ಹೇಳಿದ್ದಾರೆ ಮಾರಾಯ್ರೆ. ಬರೆದವರು ಮೊದಲು ಎಂತ ಹೇಳಿದ್ದಾರೋ ಅದು.”

“ಹಾಗಾದ್ರೆ ಆ ಹುಡುಗಿ ಎಲ್ಲಿಗೆ ಹೋದ್ಲು?”

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ಅಷ್ಟೆಲ್ಲ ಮನಸ್ಸಿಗೆ ಹಚ್ಚಿಕೊಂಡ್ರೆ ಈ ಕೆಲಸ ಮಾಡ್ಲಿಕ್ಕೆ ಉಂಟಾ?”

ಸಂಜೆ ಬುಸೈತೀನಿನ ಮನೆಗೆ ಬಂದವಳೇ ಅಕ್ಕನಿಗೆ ಫೋನ್ ಮಾಡಿ ಹೇಳಿದೆ. ಅವಳು ನಕ್ಕಳು.

“ನಾನು ನೋಡ್ಕೊಳ್ಳುವ ಅಜ್ಜಿಯೂ ಹಾಗೇ. ಬೆಳಿಗ್ಗೆ ನಾನೇ ಪೇಪರ್ ತಂದು ಕೊಡ್ಬೇಕು. ಓದಿ ನಮ್ಮಂಥವ್ರನ್ನೆಲ್ಲ ಬೈತಾರೆ. ಆಮೇಲೆ ನನ್ನ ಕೈ ಹಿಡ್ಕೊಂಡು, ನೀನು ಊಟ ಮಾಡಿದ್ಯಾ ಅಂತ ಕೇಳ್ತಾರೆ.”

“ನಿಂಗೆ ಸಿಟ್ಟು ಬರುದಿಲ್ವಾ?”

“ಸಿಟ್ಟು ಮಾಡ್ಲಿಕ್ಕೆ ಪುರ್ಸೊತ್ತೆಲ್ಲಿ? ಇನ್ನು ಇಬ್ಬರನ್ನು ಮೀಯಿಸ್ಲಿಕ್ಕುಂಟು. ನನ್ನ ಮಗಳ ಹತ್ರ ಮಾತಾಡಿದ್ಯಾ? ಅವಳಿಗೆ ಜ್ವರ ಅಂತೆ.”

ಆ ನಗು ನನ್ನನ್ನು ಇನ್ನಷ್ಟು ಕೆರಳಿಸಿತು. ಮಗಳಿಗೆ ಜ್ವರ ಬಂದರೆ ಹಣೆ ಮುಟ್ಟಲಾಗದ ದೂರದಲ್ಲಿ ಅವಳಿದ್ದಾಳೆ. ಅವಳನ್ನು ಅಲ್ಲಿ ಒಂಟಿಯಾಗಿ ಇಟ್ಟದ್ದು ಅವಳ ಕೈ ಹಿಡಿದುಕೊಳ್ಳುವ ಜನರ ಅಭಿಪ್ರಾಯವೇ.

ಮರುದಿನದಿಂದ ಇಂಥ ಉತ್ತರಗಳನ್ನು ಬೇರೆಯೇ ಪಟ್ಟಿ ಮಾಡತೊಡಗಿದೆ. ಬೀದಿ ಮೂಲೆಯ ಅಂಗಡಿಯವನೊಬ್ಬ ಇರಲಿ, ಹೆರಿಗೆ ಮಾಡಿಸಿದ ನರ್ಸ್ ಇರಲಿ, ಸೊಸೆ ಇರಲಿ, ಉಳಿದವರು ಹೋಗಲಿ. ಪ್ರತಿಯೊಬ್ಬರಿಗೂ ತಮ್ಮ ಪರಿಚಯದವರೊಬ್ಬರು ಒಳ್ಳೆಯವರು. ಪಟ್ಟಿ ನಾಲ್ಕು ಪುಟವಾಯಿತು. ಪ್ರಿಂಟ್ ತೆಗೆದು ಬಾಸ್ ಕೋಣೆಗೆ ಹೋದೆ.

ಬಾಸ್ ಇಂಗ್ಲೆಂಡಿನವರು. ಈ ದ್ವೀಪಕ್ಕೆ ಬಂದು ಇಪ್ಪತ್ತು ವರ್ಷವಾಗಿದೆ, ರಿಫಾದಲ್ಲಿ ತೋಟವಿರುವ ಮನೆ. ನೀವು ಹೊರಗಿನವರಲ್ಲವೇ ಎಂದು ಅವರನ್ನು ಯಾರೂ ಕೇಳಿದ್ದಿಲ್ಲ. ಮೊದಲ ಪುಟವನ್ನಷ್ಟೇ ಓದಿ, “ಕಂಪೆನಿ ಕೇಳಿದ್ದು ಒಂದು ಕೋಡ್. ಒಂದೇ ಕೊಡಿ,” ಎಂದರು.

“ಅವರು ಹೇಳಿದ್ದು ಎರಡು ಮಾತು ಸರ್. ಅರ್ಧ ಕತ್ತರಿಸಿ ಕೊಟ್ಟರೆ ಅದು ಸುಳ್ಳಲ್ಲವೇ?”

ಅವರು ಕುರ್ಚಿಗೆ ಒರಗಿದರು. “ಒಂದು ಮಾತು ಕೇಳಲೇ? ನಿಮ್ಮ ಬಿಲ್ಡಿಂಗಿಗೆ ಬಾಂಗ್ಲಾದೇಶದ ಕೂಲಿಯವರು ಬಂದು ಸೇರಿದರೆ ನಿಮ್ಮವರು ಏನು ಬರೆಯುತ್ತಾರೆ?”

ಹಿಂದಿನ ವರ್ಷವಷ್ಟೇ ನಮ್ಮ ಕಟ್ಟಡದ ನೆಲಮಹಡಿಗೆ ಅಂಥ ಆರು ಜನ ಬಂದಿದ್ದರು. ಸಂಸಾರಸ್ಥರಿರುವ ಜಾಗ, ಅವರನ್ನು ಖಾಲಿ ಮಾಡಿಸಿ ಎಂದು ಮಾಲೀಕರಿಗೆ ಕೊಟ್ಟ ಅರ್ಜಿಯಲ್ಲಿ ನನ್ನ ಸಹಿಯೂ ಇತ್ತು. ನಮ್ಮ ಏಸಿ ರಿಪೇರಿ ಮಾಡುತ್ತಿದ್ದವನು ಅವರಲ್ಲೊಬ್ಬ. ಅವನು ಒಳ್ಳೆಯವನು, ಪಾಪ, ಎಂದು ನಾನೇ ಹೇಳಿದ್ದೆ. ಹೇಳಿ ಸಹಿ ಹಾಕಿದ್ದೆ.

ಇದನ್ನು ಬಾಸ್‌ಗೆ ಹೇಳಲಿಲ್ಲ. ಆದರೆ ನನ್ನ ತಪ್ಪನ್ನು ತೋರಿಸಿದ ಮಾತ್ರಕ್ಕೆ ಅವರ ಲೆಕ್ಕ ಸರಿಯಾಗಿಬಿಡುತ್ತದೆಯೇ? ಪಟ್ಟಿಯನ್ನು ಎತ್ತಿಕೊಂಡು ಬಂದು ಬ್ರಿಟನ್ನಿನ ಕಂಪೆನಿಗೆ ನೇರವಾಗಿ ಇಮೇಲ್ ಮಾಡಿದೆ.

ಎರಡು ದಿನದಲ್ಲಿ ಎಚ್ಚರಿಕೆ ಪತ್ರ ಕೈಗೆ ಬಂತು: ಮೇಲಿನವರನ್ನು ಮೀರಿ ಪತ್ರವ್ಯವಹಾರ ಮಾಡಿದ್ದೀರಿ, ಇನ್ನೊಮ್ಮೆ ಮಾಡಿದರೆ ಕ್ರಮ. ಸಹಿ ಮಾಡುವ ಜಾಗದಲ್ಲಿ ‘ಓದಿದ್ದೇನೆ, ಒಪ್ಪಿಲ್ಲ’ ಎಂದು ಬರೆದು ಕೊಟ್ಟೆ. ನನ್ನ ವೀಸಾ ಈ ಆಫೀಸಿನದೇ; ನೌಕರಿ ಹೋದರೆ ಅದೂ ಹೋಗುತ್ತದೆ. ರಾತ್ರಿ ಗಂಡನಿಗೆ ಹೇಳಿದಾಗ ಅವರು ತಟ್ಟೆ ತಂದು ನನ್ನ ಮುಂದಿಟ್ಟರು. ಆಮೇಲೆ, “ಬರ್ದದ್ದು ಬರ್ದಾಯ್ತು, ಊಟ ಮಾಡು,” ಎಂದರು.

ವರದಿ ಹೊರಬಂತು. ಹೊರಗಿನವರು ಬೇಡವೆನ್ನುವ ಬ್ರಿಟನ್ ಎಂಬರ್ಥದ ತಲೆಬರಹ. ನರ್ಸು, ಆರೈಕೆಯವರು ಬರಲಿ ಎಂದದ್ದು ಕೆಳಗಿನ ಒಂದು ಕೋಷ್ಟಕದಲ್ಲಿತ್ತು. ಅಲ್ಲಿಯವರೆಗೆ ಯಾರು ಓದುತ್ತಾರೆ? ಮುದುಕಿಯ ಮಾತು ಎಲ್ಲೂ ಇರಲಿಲ್ಲ.

ತಿಂಗಳ ಮೇಲೆ ಆ ಕಂಪೆನಿಯ ಹುಡುಗಿಯೊಬ್ಬಳಿಂದ ನನಗೆ ಉತ್ತರ ಬಂತು. ಪಟ್ಟಿಯನ್ನು ಪೂರ್ತಿ ಓದಿದೆ, ಮುಂದಿನ ಸುತ್ತಿನಿಂದ ಒಂದು ಉತ್ತರಕ್ಕೆ ಮೂರು ಕೋಡ್‌ವರೆಗೆ ಹಾಕಬಹುದು ಎಂದಿತ್ತು. ಬಾಸ್ ಅದನ್ನು ನೋಡಿದರು. ಹೊರಗಿನವರ ವಿಷಯದ ಸಮೀಕ್ಷೆಗಳನ್ನು ಮಾತ್ರ ಈಗ ನನಗೆ ಕೊಡುವುದಿಲ್ಲ. ನನಗೆ ಬರುವುದು ಬಿಸ್ಕತ್ತು, ಸಾಬೂನುಗಳ ಬಗೆಗಿನವು. ಅವು ಪಕ್ಕದ ಮೇಜಿನ ಉಳ್ಳಾಲದವರಿಗೆ ಹೋಗುತ್ತವೆ; ಅವರು ಎರಡೆರಡು ನಂಬರು ಹಾಕುತ್ತಾರೆ, ಕೆಲಸ ಡಬ್ಬಲ್ ಆಯ್ತು ಎಂದು ನನ್ನನ್ನು ಬೈಯುತ್ತಾರೆ. ಬೈಯಲಿ.